ಬೆಂಗಳೂರಿಗೆ ಬಂದವರು ಸಭೆಯ ಮನೆಯವರಾಗುವುದು ಹೇಗೆ?

ಪ್ರತಿ ವರ್ಷ ಜೂನ್, ಜುಲೈ ಬಂತೆಂದರೆ ನಮ್ಮ ಕ್ರೈಸ್ತ ಸಭೆಯ ಕಡೆಯ ಬೆಂಚಿನಲ್ಲಿ ಹೊಸ ಮುಖಗಳು ಕಾಣಿಸುತ್ತವೆ. ಹಾಸನ, ಗದಗ, ಬೀದರ್, ಕೊಳ್ಳೇಗಾಲದ ಕಡೆಯಿಂದ ನರ್ಸಿಂಗ್ ಓದಲು ಬಂದ ಹುಡುಗಿಯರು, ಪೀಣ್ಯದ ಕಾರ್ಖಾನೆಗಳಿಗೆ ಸೇರಿದ ಹುಡುಗರು, ಗಂಡನಿಗೆ ವರ್ಗವಾಗಿ ಮನೆ ಬದಲಿಸಿದ ಗೃಹಿಣಿಯರು. ಹಾಡುವಾಗ ಅವರ ಕಂಠ ಗಟ್ಟಿಯಾಗಿಯೇ ಕೇಳಿಸುತ್ತದೆ. ಊರಿನ ಸಭೆಯಲ್ಲಿ ಹಾಡಿ ಬೆಳೆದವರೆಂದು ಗೊತ್ತಾಗುತ್ತದೆ. ಆದರೆ ಕಡೆಯ ಆಶೀರ್ವಾದಕ್ಕೆ ಎಲ್ಲರೂ ತಲೆಬಾಗಿ ಕಣ್ಣು ಮುಚ್ಚಿದ ಹೊತ್ತಿಗೆ ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಾರೆ. ಕೆಲವರು ಹೀಗೆ ಎರಡು ಮೂರು ವರ್ಷ ಬಂದು ಹೋಗುತ್ತಾರೆ. ಅವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ನಾನೂ ಹಾಗೆ ಬಂದು ಹೋದವಳು. ಹಾಸನ ಜಿಲ್ಲೆಯ ಹಳ್ಳಿಯಿಂದ ಕೆಲಸಕ್ಕೆಂದು ಬಂದು ದಾಸರಹಳ್ಳಿಯ ಪಿ.ಜಿ.ಯಲ್ಲಿದ್ದ ಮೊದಲ ವರ್ಷ, ಎರಡು ಬಸ್ಸು ಬದಲಿಸಿ ನಗರದ ಮತ್ತೊಂದು ತುದಿಯ ದೊಡ್ಡ ಸಭೆಗೆ ಹೋಗುತ್ತಿದ್ದೆ. ಅಲ್ಲಿ ಸಂಗೀತ ಚೆನ್ನಾಗಿತ್ತು, ಪ್ರಸಂಗವೂ (ಬೋಧನೆಯೂ) ಚೆನ್ನಾಗಿತ್ತು. ಎಂಟನೆಯ ತಿಂಗಳು ಟೈಫಾಯ್ಡ್ ಬಂದು ಹನ್ನೊಂದು ದಿನ ಮಲಗಿದೆ. ಸಭೆಯಿಂದ ಒಂದು ಫೋನೂ ಬರಲಿಲ್ಲ. ಬರುವುದಾದರೂ ಹೇಗೆ? ನನ್ನ ನಂಬರು ಅಲ್ಲಿ ಯಾರ ಬಳಿಯೂ ಇರಲಿಲ್ಲ. ಮಲಗಿದ್ದ ಆ ದಿನಗಳಲ್ಲಿ ಹೊಳೆದದ್ದನ್ನು, ಆಮೇಲಿನ ಹತ್ತೊಂಬತ್ತು ವರ್ಷ ಒಂದೇ ಕನ್ನಡ ಸಭೆಯಲ್ಲಿದ್ದು ಕಂಡುಕೊಂಡದ್ದನ್ನು ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ನೀವು ಸಾಕುಮಕ್ಕಳಲ್ಲ

ಸಭೆಯ ಬಾಗಿಲಲ್ಲಿ ಸಂಕೋಚದಿಂದ ನಿಲ್ಲುವವರಿಗೆ "ಇದು ಇವರ ಮನೆ, ನಾನು ಹೊರಗಿನವಳು" ಎಂಬ ಅಳುಕು ಇರುತ್ತದೆ. ಮೊದಲ ಹೆಜ್ಜೆ ಅದನ್ನು ಬಿಡುವುದು. ಯೇಸುವಿನ ಸುವಾರ್ತೆ ಸಾರುತ್ತ ತಿರುಗಿದ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ, ಬೈಬಲಿನಲ್ಲಿರುವ ಪತ್ರಗಳಲ್ಲಿ ವಿಶ್ವಾಸಿಗಳ ವಿಷಯವಾಗಿ ಬಳಸಿರುವ ಗ್ರೀಕ್ ಪದ ದತ್ತು ಸ್ವೀಕಾರಕ್ಕೆ ಸಂಬಂಧಿಸಿದ್ದು. ರೋಮನ್ನರ ಕಾನೂನಿನಲ್ಲಿ ದತ್ತು ಹೋದವನಿಗೆ ಹೊಸ ತಂದೆಯ ಹೆಸರು ಬರುತ್ತಿತ್ತು, ಆಸ್ತಿಯಲ್ಲಿ ಹೆತ್ತ ಮಗನಿಗಿರುವ ಹಕ್ಕು ಬರುತ್ತಿತ್ತು. ಸಾಕುಮಗ ಬೇರೆ, ದತ್ತುಮಗ ಬೇರೆ ಎಂಬುದು ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ? ಸಾಕುಮಗನಿಗೆ ಊಟ, ಬಟ್ಟೆ, ಪ್ರೀತಿ ಎಲ್ಲವೂ ಸಿಗಬಹುದು. ಪಹಣಿಯಲ್ಲಿ ಹೆಸರು ಏರುವುದು ದತ್ತುಮಗನದು. ಕ್ರಿಸ್ತನನ್ನು ನಂಬಿದವರನ್ನು ಪೌಲನು ಬಾಧ್ಯರು, ಅಂದರೆ ಆಸ್ತಿಗೆ ಹಕ್ಕುದಾರರು, ಎಂದು ಕರೆಯುವುದು ಈ ಅರ್ಥದಲ್ಲಿಯೇ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಅವನು ಯೇಸುವಿನ ಮನೆಮಾತಾಗಿದ್ದ ಅರಾಮಿಕ್ ಭಾಷೆಯ 'ಅಬ್ಬಾ' ಎಂಬ ಪದವನ್ನು ಗ್ರೀಕಿಗೆ ಬದಲಿಸದೆ ಹಾಗೆಯೇ ಬಿಟ್ಟಿದ್ದಾನೆ. ಕನ್ನಡ ಬೈಬಲಿನಲ್ಲಿ ಅದು 'ಅಪ್ಪಾ' ಎಂದು ಬಂದಿದೆ. ಓದುವಾಗಲೆಲ್ಲ ನನಗೆ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಹಾಗಾಗಿ ದೇವರ ಮನೆಯಲ್ಲಿ ನಿಮ್ಮ ಹೆಸರು ಸೇರಲು ಯಾವ ಕಮಿಟಿಯ ಒಪ್ಪಿಗೆಯೂ ಬೇಕಿಲ್ಲ. ನಂಬಿದ ದಿನವೇ ಅದು ಆಗಿಹೋಗಿದೆ. ಆದರೆ ಅದೇ ಮನೆಯ ಉಳಿದ ಮಕ್ಕಳಿಗೆ ನಿಮ್ಮ ಮುಖ, ಹೆಸರು, ಕಷ್ಟಸುಖ ತಿಳಿಯುವುದು ಮಾತ್ರ ತಾನಾಗಿ ಆಗುವುದಿಲ್ಲ. ಮುಂದೆ ಹೇಳುವುದೆಲ್ಲ ಅದರ ಬಗ್ಗೆ.

ಸಭೆ ಹುಡುಕುವಾಗ ಬಸ್ಸಿನ ದಾರಿ ನೋಡಿ

ಪ್ರಸಂಗಿಯ ಹೆಸರು ಕೇಳಿ, ಯೂಟ್ಯೂಬಿನಲ್ಲಿ ಹಾಡು ನೋಡಿ ಸಭೆ ಆರಿಸಬೇಡಿ. ನಿಮ್ಮ ವಾಸದಿಂದ ಒಂದೇ ಬಸ್ಸಿನಲ್ಲಿ ಅಥವಾ ನಡೆದು ಅರ್ಧ ಗಂಟೆಯೊಳಗೆ ತಲುಪುವ ಸಭೆಗಳನ್ನು ಮೊದಲು ಪಟ್ಟಿ ಮಾಡಿ. ಕಾರಣ ಸರಳ. ದೂರದ ಸಭೆಗೆ ಭಾನುವಾರ ಬೆಳಿಗ್ಗೆ ಹೋಗಿಬರಬಹುದು, ಬುಧವಾರ ಸಂಜೆ ಏಳು ಗಂಟೆಗೆ ಯಾರದೋ ಮನೆಯ ಪ್ರಾರ್ಥನೆಗೆ ಹೋಗಲಾಗುವುದಿಲ್ಲ. ಬೆಂಗಳೂರಿನ ಸಂಜೆಯ ಟ್ರಾಫಿಕ್ ನಿಮ್ಮನ್ನು ಬಿಡುವುದಿಲ್ಲ. ಸಭೆಯವರಿಗೂ ನಿಮ್ಮ ಮನೆಗೆ ಬರಲಾಗುವುದಿಲ್ಲ.

ಎರಡನೆಯದು ಭಾಷೆ. ನಗರದ ಒಂದೇ ಚರ್ಚಿನಲ್ಲಿ ಬೇರೆ ಬೇರೆ ಹೊತ್ತಿಗೆ ಇಂಗ್ಲಿಷ್, ಕನ್ನಡ, ತಮಿಳು ಆರಾಧನೆಗಳು ನಡೆಯುವುದು ಸಾಮಾನ್ಯ. ಗೇಟಿನ ಬಳಿಯ ಫಲಕದಲ್ಲಿ ಸಮಯ ಬರೆದಿರುತ್ತಾರೆ. ಎಷ್ಟೇ ಇಂಗ್ಲಿಷ್ ಬಂದರೂ, ಅಳು ಬಂದಾಗ ಬಾಯಿಗೆ ಬರುವ ಭಾಷೆಯಲ್ಲಿ ಪ್ರಾರ್ಥಿಸುವ ಜನರ ನಡುವೆ ಇರುವುದೇ ಮೇಲು ಎಂದು ನನ್ನ ಅಭಿಪ್ರಾಯ. ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಜೊತೆಯವರೊಂದಿಗೆ ದುಡಿದು, 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗುವಂತೆ ಮಾಡಿದರು. ಅದಕ್ಕೆ ಹಿಡಿದ ಕಾಲ ಎರಡು ದಶಕ. ನಮ್ಮ ಭಾಷೆಯಲ್ಲಿ ದೇವರ ಮಾತು ಕೇಳುವುದು ಅವರಿಗೆ ಅಷ್ಟು ಮುಖ್ಯವಾಗಿತ್ತು.

ಕನ್ನಡ ಸಭೆಗಳು ಈ ಊರಿಗೆ ಹೊಸವಲ್ಲ. ಕಾರ್ಪೊರೇಷನ್ ಕಚೇರಿಯ ಎದುರಿನ ವೃತ್ತದಲ್ಲಿ ಹಡ್ಸನ್ ಸ್ಮಾರಕ ದೇವಾಲಯ 1904ರಿಂದ ನಿಂತಿದೆ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಗಲಾಟೆಯ ನಡುವೆ ರೈಸ್ ಸ್ಮಾರಕ ದೇವಾಲಯವಿದೆ. ಅದು ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಹೆಸರಿನದು, ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಈ ಬೆಂಜಮಿನ್ ರೈಸರ ಮಗ. ಎರಡೂ ಸಿ.ಎಸ್.ಐ.ಗೆ (ದಕ್ಷಿಣ ಭಾರತ ಸಭೆಗೆ) ಸೇರಿದವು. ಹಾಸನ, ತುಮಕೂರು, ಮಂಡ್ಯದ ಹಳೆಯ ವೆಸ್ಲಿಯನ್ ಸಭೆಗಳೂ ಬಳ್ಳಾರಿ ಕಡೆಯ ಲಂಡನ್ ಮಿಷನ್ ಸಭೆಗಳೂ ಇಂದು ಅದೇ ಸಿ.ಎಸ್.ಐ.ಯಲ್ಲಿವೆ. 1947ರ ಸೆಪ್ಟೆಂಬರ್ 27ರಂದು ಚೆನ್ನೈನಲ್ಲಿ ಅದು ರೂಪುಗೊಂಡಿತು. ಧಾರವಾಡ, ಗದಗದ ಬಾಸೆಲ್ ಮಿಷನ್ ಸಭೆಗಳಲ್ಲಿ ಬಹುಪಾಲು ಆಮೇಲೆ ಬಂದು ಸೇರಿದವು. ಆದ್ದರಿಂದ ಅಲ್ಲಿಂದ ಬಂದವರಿಗೆ ಇಲ್ಲಿನ ಆರಾಧನೆಯ ಕ್ರಮ ಬಹುತೇಕ ಪರಿಚಿತವಾಗಿರುತ್ತದೆ. ಬೀದರ್ ಕಡೆಯವರು ಮೆಥಡಿಸ್ಟ್ ಸಭೆ ಹುಡುಕುತ್ತಾರೆ, ಅದೂ ನಗರದಲ್ಲಿದೆ. ಬಡಾವಣೆಗಳಲ್ಲಿ ಮನೆಯ ಮಹಡಿಯ ಮೇಲೆ, ಬಾಡಿಗೆ ಹಾಲಿನಲ್ಲಿ ಕೂಡುವ ಸಣ್ಣ ಸಭೆಗಳಂತೂ ಬೇಕಾದಷ್ಟಿವೆ.

ಕಥೋಲಿಕರಿಗೆ ಈ ಹುಡುಕಾಟ ಇಷ್ಟು ಇಲ್ಲ. ನೀವಿರುವ ಬಡಾವಣೆ ಯಾವ ಧರ್ಮಕೇಂದ್ರಕ್ಕೆ ಸೇರುತ್ತದೋ ಅದೇ ನಿಮ್ಮದು. ಹತ್ತಿರದ ಯಾವ ಚರ್ಚಿನ ಕಚೇರಿಯಲ್ಲಿ ಕೇಳಿದರೂ ಹೇಳುತ್ತಾರೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋಗಿ ತೇರು ನೋಡಿ ಬನ್ನಿ, ಕಾವಿ ಸೀರೆಯುಟ್ಟ ಆ ಜನಸಾಗರ ನೋಡುವಂಥದ್ದೇ. ಆದರೆ ವಾರವಾರದ ಪೂಜೆಗೆ ನಿಮ್ಮ ಧರ್ಮಕೇಂದ್ರಕ್ಕೇ ಹೋಗಿ. ಬೀದಿಬೀದಿಯಲ್ಲಿ ಕೂಡುವ ಕಿರು ಕ್ರೈಸ್ತ ಸಮುದಾಯದ ಸಭೆಗೆ ನಿಮ್ಮನ್ನು ಕರೆಯುವವರು ಅಲ್ಲಿನವರೇ.

ಪಟ್ಟಿ ಮಾಡಿದ ಮೇಲೆ ಒಂದೊಂದಕ್ಕೂ ಎರಡು ಭಾನುವಾರ ಹೋಗಿ ನೋಡಿ. ಒಂದೇ ದಿನ ನೋಡಿ ಅಳೆಯಬೇಡಿ. ಅಂದು ಸಭಾಪಾಲಕರಿಗೆ ಗಂಟಲು ಕಟ್ಟಿರಬಹುದು. ನೋಡಬೇಕಾದ್ದು ಏನೆಂದರೆ, ಪ್ರಸಂಗದಲ್ಲಿ ಬೈಬಲು ತೆರೆಯುತ್ತಾರೆಯೇ, ಕಾಯಿಲೆ ಬಿದ್ದವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆಯೇ, ಮುದುಕರೂ ಮಕ್ಕಳೂ ಇದ್ದಾರೆಯೇ. ಬರೀ ನಿಮ್ಮ ವಯಸ್ಸಿನವರೇ ತುಂಬಿದ ಸಭೆ ಕಾಲೇಜಿನಂತೆ ಹಿತವಾಗಿರುತ್ತದೆ. ಆದರೆ ಅಜ್ಜಿಯಿಲ್ಲದ ಮನೆಯಲ್ಲಿ ಯಾರು ಯಾರಿಗೆ ಬುದ್ಧಿ ಹೇಳಬೇಕು? ಎರಡು ತಿಂಗಳಲ್ಲಿ ತೀರ್ಮಾನಿಸಿ, ಆಮೇಲೆ ಒಂದು ವರ್ಷ ಕದಲಬೇಡಿ. ಸಭೆಯಿಂದ ಸಭೆಗೆ ಅಲೆಯುತ್ತಲೇ ಇರುವವರನ್ನು ಎಲ್ಲ ಕಡೆಯೂ ಅತಿಥಿಯಂತೆಯೇ ನೋಡುತ್ತಾರೆ.

ಆರಾಧನೆ ಮುಗಿದ ಮೇಲಿನ ಅರ್ಧ ಗಂಟೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಶೀರ್ವಾದವಾದ ಕೂಡಲೇ ಹೊರಡಬೇಡಿ. ಅರ್ಧ ಗಂಟೆ ಅಲ್ಲಿಯೇ ಇರಿ.

ನನಗೆ ಇದನ್ನು ಕಲಿಸಿದ್ದು ಒಂದು ಜಮಖಾನ. ಟೈಫಾಯ್ಡ್ ವಾಸಿಯಾದ ಮೇಲೆ ಪಿ.ಜಿ.ಗೆ ಹತ್ತಿರದಲ್ಲಿದ್ದ ಸಣ್ಣ ಸಭೆಗೆ ಹೋಗತೊಡಗಿದ್ದೆ. ಎಪ್ಪತ್ತು ಎಂಬತ್ತು ಜನ. ಗಂಡಸರಿಗೆ ಒಂದಷ್ಟು ಕುರ್ಚಿ, ಹೆಂಗಸರೂ ಮಕ್ಕಳೂ ಜಮಖಾನದ ಮೇಲೆ. ಎರಡನೆಯ ವಾರ ಎದ್ದು ಹೊರಡುತ್ತಿದ್ದಾಗ ಬಿಳಿ ಸೀರೆಯ ಅಜ್ಜಿಯೊಬ್ಬರು ಕೂಗಿ, "ಆ ತುದಿ ಹಿಡಿದುಕೊಳ್ಳಮ್ಮ" ಎಂದರು. ಉದ್ದನೆಯ ಜಮಖಾನ ಒಬ್ಬರಿಂದ ಮಡಚಲಾಗುವುದಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಕೊಡವಬೇಕು, ಆಮೇಲೆ ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಸೇರಿಸಬೇಕು, ಒಬ್ಬರು ಬಿಟ್ಟು ಬಗ್ಗಿ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ ಹೋಗಬೇಕು. ಪ್ರತಿ ಸಲ ಹತ್ತಿರ ಬಂದಾಗಲೂ ಆ ಅಜ್ಜಿ ಒಂದೊಂದು ಪ್ರಶ್ನೆ ಕೇಳಿದರು. "ಯಾವ ಊರಮ್ಮ?" ಕೊಡವಿದೆವು. "ಇಲ್ಲಿ ಎಲ್ಲಿದ್ದೀಯ?" ಮಡಚಿದೆವು. "ಊಟ ಪಿ.ಜಿ.ಯಲ್ಲಿಯಾ? ಹೊಟ್ಟೆ ತುಂಬ ಹಾಕುತ್ತಾರಾ?" ಮೂರನೆಯ ಜಮಖಾನ ಮುಗಿಯುವ ಹೊತ್ತಿಗೆ ನನ್ನ ಟೈಫಾಯ್ಡಿನ ಕಥೆಯೆಲ್ಲ ಅವರಿಗೆ ಗೊತ್ತಾಗಿತ್ತು. ಕೈಗೆ ಹತ್ತಿದ ದೂಳನ್ನು ಸೆರಗಿಗೆ ಒರೆಸಿಕೊಂಡು, "ಹನ್ನೊಂದು ದಿನ ಒಬ್ಬಳೇ ಇದ್ದೆಯಾ?" ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ನಾನು ಬೇರೆಯವರ ಎದುರಿಗೆ ಅತ್ತೆ.

ನಿಮ್ಮ ಸಭೆಯಲ್ಲಿ ಜಮಖಾನ ಇಲ್ಲದಿರಬಹುದು. ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುವುದು, ಹಾಡಿನ ಪುಸ್ತಕ ಎತ್ತಿಡುವುದು, ಟೀ ಲೋಟ ತೊಳೆಯುವುದು ಇದ್ದೇ ಇರುತ್ತವೆ. ಯಾರಾದರೂ ಕರೆಯಲಿ ಎಂದು ಕಾಯಬೇಡಿ. "ನಾನೂ ಕೈ ಹಾಕಲೇ?" ಎಂದು ಕೇಳಿ. ಗಾಯನ ಮಂಡಳಿ, ಭಾನುವಾರ ಶಾಲೆಯ ಪಾಠ ಇವೆಲ್ಲ ಆಮೇಲೆ ಆಗಲಿ. ಅವುಗಳಲ್ಲಿ ಸಭೆಗೆ ನಿಮ್ಮ ಸಾಮರ್ಥ್ಯ ಕಾಣುತ್ತದೆ. ಲೋಟ ತೊಳೆಯುವಾಗ ಪಕ್ಕದಲ್ಲಿರುವವರಿಗೆ ನೀವು ಕಾಣುತ್ತೀರಿ.

ಮಾತಿಗೆ ಹೇಗೆ ತೊಡಗುವುದು ಎಂದು ತಿಳಿಯದವರಿಗೆ: ಪೂರ್ತಿ ಹೆಸರು, ಊರು, ಇಲ್ಲಿ ವಾಸ ಎಲ್ಲಿ, ಊರಿನಲ್ಲಿ ಯಾವ ಸಭೆ, ಇಷ್ಟನ್ನು ನೀವೇ ಹೇಳಿ. ವಯಸ್ಸಾದವರನ್ನು ಅಮ್ಮ, ಅಪ್ಪಾಜಿ ಎಂದೋ, ನಿಮಗಿಂತ ದೊಡ್ಡವರನ್ನು ಅಕ್ಕ, ಅಣ್ಣ ಎಂದೋ ಕರೆದರೆ ಯಾರೂ ಬೇಸರಪಡುವುದಿಲ್ಲ. ಬ್ರದರ್, ಸಿಸ್ಟರ್ ಎಂಬ ರೂಢಿ ಇದ್ದ ಕಡೆ ಹಾಗೆಯೇ ಕರೆಯಿರಿ. ಸಭಾಪಾಲಕರನ್ನು ಬಾಗಿಲಲ್ಲಿ ಕೈಮುಗಿದು ಮಾತನಾಡಿಸಿ, ನಂಬರು ಕೊಟ್ಟು ಬನ್ನಿ. ರೋಮಾಪುರದ ಪತ್ರದ ಕಡೆಯ ಅಧ್ಯಾಯದಲ್ಲಿ ಪೌಲನು ರೂಫನೆಂಬವನಿಗೆ ವಂದನೆ ಹೇಳುತ್ತ, ಅವನ ತಾಯಿ ನನಗೂ ತಾಯಿಯೇ ಎನ್ನುತ್ತಾನೆ. ಊರೂರು ತಿರುಗಿದ ಆ ಮನುಷ್ಯನಿಗೆ ಎಲ್ಲೋ ಒಂದು ಕಡೆ ಆ ತಾಯಿ ಊಟಕ್ಕೆ ಬಡಿಸಿರಬೇಕು ಎಂದು ನಾನು ಯೋಚಿಸುತ್ತೇನೆ.

ಕಾಗದಪತ್ರ

ಊರಿನ ಸಭಾಪಾಲಕರಿಂದ ವರ್ಗಾವಣೆ ಪತ್ರ, ದೀಕ್ಷಾಸ್ನಾನದ ಪ್ರಮಾಣಪತ್ರ, ದೃಢೀಕರಣ (ದೀಕ್ಷಾಸ್ನಾನವಾದವರು ಸಭೆಯ ಮುಂದೆ ನಂಬಿಕೆಯನ್ನು ದೃಢಪಡಿಸುವ ಸಂಸ್ಕಾರ) ಆಗಿದ್ದರೆ ಅದರ ಪತ್ರ, ಇವನ್ನು ತಂದು ಇಲ್ಲಿನ ಸಭೆಯ ರಿಜಿಸ್ಟರಿನಲ್ಲಿ ಹೆಸರು ಬರೆಸಿ. ಬಹಳ ಜನ ಇದನ್ನು ಮದುವೆ ಗೊತ್ತಾಗುವವರೆಗೆ ಮುಂದೂಡುತ್ತಾರೆ. ಸಿ.ಎಸ್.ಐ. ಮತ್ತು ಕಥೋಲಿಕ ಸಭೆಗಳಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುವ ರೂಢಿಯಿದೆ. ಹೆಸರೇ ಇಲ್ಲದವರಿಗೆ ಆಗ ಓಡಾಟ ಶುರುವಾಗುತ್ತದೆ. ಸಾವಿನ ಮನೆಯಲ್ಲಂತೂ ಇನ್ನೂ ಕಷ್ಟ. ಹೊಸೂರು ರಸ್ತೆಯ ಸ್ಮಶಾನವಿರಲಿ, ಬೇರೆ ಯಾವುದಿರಲಿ, ಮಣ್ಣು ಮಾಡಲು ಸಾಮಾನ್ಯವಾಗಿ ಸಭೆಯ ಪತ್ರ ಕೇಳುತ್ತಾರೆ. ತಂದೆಯ ಶವ ಇಟ್ಟುಕೊಂಡು ರಾತ್ರಿ ಹನ್ನೊಂದಕ್ಕೆ ಸಭೆ ಹುಡುಕುತ್ತಿದ್ದ ಮಗನೊಬ್ಬನನ್ನು ನಾನು ಕಂಡಿದ್ದೇನೆ. ಅಪ್ಪ ಅಮ್ಮನನ್ನು ಊರಿನಿಂದ ಕರೆತಂದು ಜೊತೆಗಿಟ್ಟುಕೊಂಡಿರುವವರು ಅವರ ಹೆಸರನ್ನೂ ಬರೆಸಿರಿ.

ವಾರದ ನಡುವಿನ ಪ್ರಾರ್ಥನೆ, ಹಬ್ಬಗಳು

ಭಾನುವಾರದ ಆರಾಧನೆಯಲ್ಲಿ ನಾವು ಒಬ್ಬರ ಬೆನ್ನು ಒಬ್ಬರು ನೋಡುತ್ತ ಕೂರುತ್ತೇವೆ. ಮನೆ ಪ್ರಾರ್ಥನೆಯಲ್ಲಿ ಗೋಡೆಗೆ ಒರಗಿ ಸುತ್ತಲೂ ಕೂರುತ್ತೇವೆ, ಮುಖ ಕಾಣುತ್ತದೆ. ಯಾರ ಮನೆಯಲ್ಲಿ ಮಗ ಪಿಯುಸಿ ಫೇಲಾಗಿದ್ದಾನೆ, ಯಾರ ಮಾಲೀಕರು ಮನೆ ಖಾಲಿ ಮಾಡಿಸುತ್ತಿದ್ದಾರೆ, ಯಾರಿಗೆ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ, ಎಲ್ಲವೂ ಅಲ್ಲಿ ಬಾಯಿಬಿಟ್ಟು ಹೇಳುವಂಥವು. ತಿಂಗಳಿಗೆ ಎರಡು ಸಲವಾದರೂ ಹೋಗಿ. ಮೊದಮೊದಲು ಗಟ್ಟಿಯಾಗಿ ಪ್ರಾರ್ಥಿಸಲು ನಾಚಿಕೆಯಾದರೆ ಸುಮ್ಮನೆ ಕೂತು ಆಮೆನ್ ಎನ್ನಿ, ಸಾಕು. ಕೇಳಿದ್ದನ್ನು ಮಾತ್ರ ಹೊರಗೆ ಆಡಬೇಡಿ.

ಕ್ರಿಸ್ಮಸ್ ಕ್ಯಾರಲ್ ತಂಡದೊಂದಿಗೆ ಒಂದು ರಾತ್ರಿ ಮನೆಮನೆಗೆ ಹೋದರೆ ಸಭೆಯವರ ವಿಳಾಸಗಳೆಲ್ಲ ಕಾಲಿಗೇ ಗೊತ್ತಾಗುತ್ತವೆ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ ನಡೆಯುತ್ತದಲ್ಲ, ಅದರಲ್ಲಿ ಮೂರನೆಯದನ್ನು ಗಮನವಿಟ್ಟು ಕೇಳಿ. ಸಾಯುತ್ತಿರುವ ಯೇಸು ತಾಯಿಗೆ ಶಿಷ್ಯನನ್ನು ಮಗನಾಗಿ ಕೊಟ್ಟು, ಶಿಷ್ಯನಿಗೆ ಆಕೆಯನ್ನು ತಾಯಿಯಾಗಿ ಒಪ್ಪಿಸುವ ಮಾತು ಅದು. ಆ ಶಿಷ್ಯ ಅಂದಿನಿಂದಲೇ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ರಕ್ತಸಂಬಂಧವಿಲ್ಲದವರ ಮನೆಯೊಂದು ಶಿಲುಬೆಯ ಬುಡದಲ್ಲಿ ಹೀಗೆ ಶುರುವಾಯಿತು.

ಹಬ್ಬಗಳಲ್ಲಿ ನನಗೆ ಅಚ್ಚುಮೆಚ್ಚಿನದು ಸುಗ್ಗಿ ಹಬ್ಬ. ಬೆಳೆ ಬೆಳೆಯದ ಬೆಂಗಳೂರಿಗೆ ಸುಗ್ಗಿ ಎಲ್ಲಿಂದ ಬಂತು ಎನ್ನಬೇಡಿ. ಊರಿನಿಂದ ತಂದ ತೆಂಗಿನಕಾಯಿ, ಬಾಳೆಗೊನೆ, ಮನೆಯಲ್ಲಿ ಕರಿದ ಕೋಡುಬಳೆ, ಒಂದು ಜೋಡಿ ನಾಟಿಕೋಳಿ ಎಲ್ಲವನ್ನೂ ಕಾಣಿಕೆಯಾಗಿ ತಂದಿಟ್ಟು ಆರಾಧನೆಯ ನಂತರ ಹರಾಜು ಹಾಕುತ್ತಾರೆ. ಒಂದು ವರ್ಷ ಬೀದರಿನ ನರ್ಸಿಂಗ್ ಹುಡುಗಿಯೊಬ್ಬಳು ಧೈರ್ಯ ಮಾಡಿ ನೂರು ರೂಪಾಯಿಗೆ ಒಂದು ತೆಂಗಿನಕಾಯಿ ಕೂಗಿ ಪಡೆದಳು. ಹಾಸ್ಟೆಲಿನಲ್ಲಿ ಕಾಯಿ ಇಟ್ಟುಕೊಂಡು ಮಾಡುವುದೇನು ಎಂದು ಮತ್ತೆ ಹರಾಜಿಗೇ ಕೊಟ್ಟಳು. ಅದನ್ನು ಕೊಂಡವರು ಅವಳ ಹೆಸರಿನಲ್ಲಿ ಇನ್ನೊಮ್ಮೆ ಕೊಟ್ಟರು. ಆ ಕಾಯಿ ಐದು ಸಲ ಕೈ ಬದಲಿಸಿತು, ಪ್ರತಿ ಸಲವೂ ಹರಾಜು ಕೂಗುವ ಅಣ್ಣ ಅವಳ ಹೆಸರು ಹೇಳಿಯೇ ಕೂಗಿದರು. ಅಂದಿನಿಂದ ಅವಳ ಹೆಸರು ತಿಳಿಯದವರು ಸಭೆಯಲ್ಲಿ ಯಾರೂ ಉಳಿಯಲಿಲ್ಲ.

ಕಷ್ಟ ಬಂದಾಗ ಬಾಯಿ ಬಿಡಿ

ಹಳ್ಳಿಯಿಂದ ಬಂದ ನಮಗೆ ಇದು ಎಲ್ಲಕ್ಕಿಂತ ಕಷ್ಟ. ಯಾರಿಗೂ ಹೊರೆಯಾಗಬಾರದು ಎಂದು ಹೇಳಿಸಿಕೊಂಡೇ ಬೆಳೆದಿದ್ದೇವೆ. ಆದರೂ ಕೇಳಿ. ಜ್ವರ ಬಂದರೆ, ಕೆಲಸ ಹೋದರೆ, ಆಸ್ಪತ್ರೆಗೆ ಜೊತೆಗೊಬ್ಬರು ಬೇಕಾದರೆ ಸಭೆಯ ಇಬ್ಬರಿಗಾದರೂ ಫೋನು ಮಾಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ 'ನನಗಾಗಿ ಪ್ರಾರ್ಥಿಸಿರಿ' ಎಂದಷ್ಟೇ ಹಾಕಿದರೆ ಐವತ್ತು ಕೈಮುಗಿದ ಚಿತ್ರಗಳು ಬರುತ್ತವೆ, ಊಟ ಬರುವುದಿಲ್ಲ. ಏನು ಬೇಕೋ ಅದನ್ನೇ ಹೇಳಬೇಕು.

ಆ ಸಭೆಗೆ ಸೇರಿದ ಮೂರನೆಯ ವರ್ಷ ನನಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಈ ಸಲ ನಾನು ಹೇಳಿದೆ. ವಾರವಿಡೀ ಪಿ.ಜಿ.ಯ ನನ್ನ ಮೇಜಿನ ಮೇಲೆ ಮೂರು ಸ್ಟೀಲ್ ಕ್ಯಾರಿಯರುಗಳು ಸರದಿಯ ಮೇಲೆ ಬಂದವು. ಕೆಳಗಿನ ಡಬ್ಬಿಯಲ್ಲಿ ಗಂಜಿ, ಮೇಲಿನದರಲ್ಲಿ ಖಾರವಿಲ್ಲದ ಸೊಪ್ಪಿನ ಸಾರು. ಮೂರರ ಮುಚ್ಚಳದ ಮೇಲೂ ಮೂರು ಮನೆಗಳ ಹೆಸರು ಕೊರೆಸಿತ್ತು. ಒಂದು ಮದುವೆಯ ಉಡುಗೊರೆ, ಒಂದು ಗೃಹಪ್ರವೇಶದ್ದು. ಎದ್ದು ಓಡಾಡುವಂತಾದ ಮೇಲೆ ಅವನ್ನು ತೊಳೆದು, ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅಮ್ಮ ಕಲಿಸಿದಂತೆ ಒಂದೊಂದರಲ್ಲಿ ಅರ್ಧ ಅರ್ಧ ಕೆ.ಜಿ. ಸಕ್ಕರೆ ಹಾಕಿಕೊಂಡು ಮನೆಗಳಿಗೆ ಹೋದೆ. ಮೂರು ಮನೆಯಲ್ಲೂ ಕೂರಿಸಿ ಊಟ ಹಾಕಿಯೇ ಕಳಿಸಿದರು.

ಕೊಡುವ ಸರದಿ ನಿಮಗೂ ಬರುತ್ತದೆ. ಹಣವಿಲ್ಲದವರು ರಕ್ತ ಕೊಡಬಹುದು, ಮುದುಕರ ಬ್ಯಾಂಕ್ ಕೆಲಸಕ್ಕೆ ಜೊತೆಗೆ ಹೋಗಬಹುದು, ಮಕ್ಕಳಿಗೆ ಗಣಿತ ಹೇಳಿಕೊಡಬಹುದು.

ಎಚ್ಚರ ಇರಬೇಕಾದ ಕಡೆ

ಮನೆ ಎಂಬ ಮಾತನ್ನು ದುರುಪಯೋಗ ಮಾಡುವವರೂ ಇದ್ದಾರೆ. ಇದನ್ನು ಮುಚ್ಚಿಟ್ಟರೆ ಹೊಸಬರಿಗೆ ಅನ್ಯಾಯ ಮಾಡಿದಂತೆ. ಸಂಬಳದ ಚೀಟಿ ತೋರಿಸೆನ್ನುವ, ದಶಮಾಂಶ ಕೊಡದಿದ್ದರೆ ಶಾಪ ತಟ್ಟುತ್ತದೆ ಎಂದು ಹೆದರಿಸುವ, ಕಾಣಿಕೆಗೆ ರಸೀದಿ ಕೊಡದ, ತಾನು ಹೇಳಿದವರನ್ನೇ ಮದುವೆಯಾಗಬೇಕೆನ್ನುವ, ವೈದ್ಯರ ಮಾತ್ರೆ ನಿಲ್ಲಿಸೆನ್ನುವ ನಾಯಕರಿರುವ ಕಡೆಯಿಂದ ಎದ್ದು ಬನ್ನಿ. ಅಲ್ಲಿ ಒಂದು ವರ್ಷ ಕಾಯುವ ನಿಯಮ ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ: ಆಪ್ತಸಲಹೆ ಎಂದು ಯಾರೇ ಕರೆದರೂ ಬಾಗಿಲು ತೆರೆದಿರುವ ಕಡೆ, ಇನ್ನೊಬ್ಬ ಹೆಂಗಸು ಜೊತೆಗಿದ್ದಾಗಲೇ ಮಾತನಾಡಿ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಯೌವನಸ್ಥೆಯರನ್ನು ಪೂರ್ಣ ಶುದ್ಧಭಾವದಿಂದ ತಂಗಿಯರೆಂದು ಕಾಣಬೇಕೆಂಬ ಸ್ಪಷ್ಟ ಮಾತಿದೆ. ಒಳ್ಳೆಯ ಸಭಾಪಾಲಕರಿಗೆ ನಿಮ್ಮ ಈ ಎಚ್ಚರದಿಂದ ಬೇಸರವಾಗುವುದಿಲ್ಲ.

ಜಾತಿಯ ಮಾತನ್ನೂ ಹೇಳಲೇಬೇಕು. "ಯಾವ ಊರು?" ಎಂಬ ಪ್ರಶ್ನೆಯ ಹಿಂದೆಯೇ "ನೀವು ಯಾವ ಕಡೆಯವರು, ನಿಮ್ಮ ತಾತನ ಹೆಸರೇನು?" ಎಂದು ಕೆಲವರು ಕೆದಕುವುದುಂಟು. ನಿಮ್ಮ ಪೂರ್ವಿಕರ ಜಾತಿ ತಿಳಿದುಕೊಳ್ಳುವುದಷ್ಟೇ ಅದರ ಉದ್ದೇಶ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿ ಮುರಿದು ತಿಂದವರು ಸಂಬಂಧ ಬೆಳೆಸುವಾಗ ಇದನ್ನು ಕೇಳುವುದು ನಮ್ಮ ಸಭೆಗಳ ಪಾಪ, ಅದಕ್ಕೆ ಬೇರೆ ಹೆಸರಿಲ್ಲ. ಕೇಳಿದವರಿಗೆ ಉತ್ತರ ಕೊಡಬೇಕಾಗಿಲ್ಲ. "ನಾನು ಕ್ರೈಸ್ತಳು, ನೀವೂ ಅಲ್ಲವೇ?" ಎಂದರೆ ಸಾಕು. ನೀವಂತೂ ಯಾರನ್ನೂ ಕೇಳಬೇಡಿ.

ಹೆತ್ತ ಮನೆಯನ್ನು ಬಿಡಬೇಡಿ

ಸಭೆ ಸಿಕ್ಕಿತೆಂದು ಊರಿಗೆ ಫೋನು ಮಾಡುವುದು ಕಡಿಮೆಯಾಗಬಾರದು. ದೇವರಿಗೆ ಅರ್ಪಿಸಿದ್ದೇವೆ ಎಂಬ ನೆಪ ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಯೇಸು ಖಂಡಿಸಿದ್ದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ.

ಬೇರೆ ಧರ್ಮದ ಮನೆಯಿಂದ ಹೊಸದಾಗಿ ನಂಬಿಕೆಗೆ ಬಂದವರು ನಮ್ಮ ನಡುವೆ ಇದ್ದಾರೆ. ಅವರ ದಾರಿ ನಮಗಿಂತ ಕಡಿದು. ಅವರಿಗೆ ನಾನು ಹೇಳುವುದಿಷ್ಟು: ದೀಕ್ಷಾಸ್ನಾನಕ್ಕೆ ಯಾರು ಅವಸರ ಮಾಡಿದರೂ ನೀವು ಮಾಡಬೇಡಿ, ತಿಳಿದು, ಕಲಿತು, ಸ್ವಂತ ಮನಸ್ಸಿನಿಂದ ತೆಗೆದುಕೊಳ್ಳಿ. ವಿಷಯ ಬೇರೆಯವರ ಬಾಯಿಂದ ಮನೆಗೆ ತಲುಪುವ ಮೊದಲು ನೀವೇ ಎದುರು ಕೂತು ಹೇಳಿ. ಅಮ್ಮ ಅತ್ತರೆ ವಾದಕ್ಕೆ ಇಳಿಯಬೇಡಿ. ತಂಗಿಯ ಮದುವೆಗೆ ಹೋಗಿ ಓಡಾಡಿ ದುಡಿಯಿರಿ. ಮನೆಯವರು ಒಂದಷ್ಟು ಕಾಲ ಬಾಗಿಲು ಹಾಕಿದರೆ ಸಭೆಯಲ್ಲಿ ಒಂದು ಕುಟುಂಬವನ್ನು ಗೊತ್ತು ಮಾಡಿಕೊಂಡು ಭಾನುವಾರದ ಊಟ ಅಲ್ಲಿಯೇ ಮಾಡಿ. ಸಭೆಯವರು ಈ ಊಟವನ್ನು ಉಪಕಾರವೆಂದು ಎಣಿಸಬಾರದು. ಊಟಕ್ಕೆ ಬಂದವರ ಪಾಲಿನದು ಅವರಿಗೆ ಸಿಗುತ್ತಿದೆ, ಅಷ್ಟೇ.

ವರ್ಷ ತುಂಬಿದ ಮೇಲೆ

ಒಂದು ವರ್ಷ ಕಳೆದ ಮೇಲೆ ನೀವು ಕೂರುವ ಜಾಗ ಬದಲಿಸಿ. ಕಡೆಯ ಬೆಂಚಿನ ಪಕ್ಕಕ್ಕೆ, ಬಾಗಿಲು ಕಾಣುವಂತೆ ಕೂತುಕೊಳ್ಳಿ. ಕಡೆಯ ಆಶೀರ್ವಾದದ ಹೊತ್ತಿಗೆ ಚಪ್ಪಲಿ ಹುಡುಕಲು ಏಳುವವರು ಅಲ್ಲಿಂದ ಕಾಣುತ್ತಾರೆ. ಆಮೆನ್ ಆದ ಕೂಡಲೇ ಹೋಗಿ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ, ಜಮಖಾನದ ಒಂದು ತುದಿ ಕೈಗೆ ಕೊಡಿ. ಮನೆಗೆ ಕರೆಯಿರಿ. ದೊಡ್ಡ ಅಡುಗೆ ಬೇಡ. ಅನ್ನ, ತಿಳಿಸಾರು, ಎರಡು ಮೊಟ್ಟೆ ಒಡೆದು ಹಾಕಿದ ಪಲ್ಯ ಸಾಕು. ಪಿ.ಜಿ.ಯ ಊಟ ತಿಂದು ಬಂದವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲು ನಾಚುತ್ತಾರೆ, ಕೇಳದೆ ಬಡಿಸಿ. ಹೊರಡುವಾಗ ನಂಬರು ಬರೆದುಕೊಂಡು ಬಸ್ ಸ್ಟಾಪಿನವರೆಗೆ ಜೊತೆಗೆ ಹೋಗಿ, ಬಸ್ಸು ಬರುವ ತನಕ ನಿಂತಿದ್ದು ಬನ್ನಿ. ಬುಧವಾರ ಸಂಜೆ ಒಂದು ಫೋನು ಮಾಡಿ.